ಕಾಣುವ ಕಣ್ಣಿಗೇಕೆ ಬೆಂಕಿ?

ನನ್ನ ಸೋದರಮಾವ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಶಿರಾಡಿ ಘಾಟಿಯ ಮಳೆಯಲ್ಲಿ, ಮಂಜಿನಲ್ಲಿ, ನಡುರಾತ್ರಿ ಮಂಗಳೂರಿಗೆ ಇಳಿದವರು. ಕಣ್ಣಿನ ವಿಷಯದಲ್ಲಿ ಅವರಿಗೆ ಸಣ್ಣ ಜಂಬವೇ ಇತ್ತು. ನಿವೃತ್ತಿಯಾಗಿ ಆರು ವರ್ಷಕ್ಕೆ, ಓದುವ ಕನ್ನಡಕ ಬದಲಿಸಲೆಂದು ಕಣ್ಣಾಸ್ಪತ್ರೆಗೆ ಹೋದಾಗ, ಗೋಡೆಯ ಮೇಲಿನ ಅಕ್ಷರಗಳನ್ನು ಹೆಚ್ಚೂಕಡಿಮೆ ಕೊನೆಯ ಸಾಲಿನವರೆಗೂ ಗಡಗಡ ಓದಿದರು. ಆಮೇಲೆ ಹನಿ ಹಾಕಿ ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಕೂರಿಸಿದರು. ಪಾಪೆ ಅಗಲವಾದ ಮೇಲೆ ಡಾಕ್ಟರು ಒಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ‘ಶುಗರ್ ಬಂದು ಎಷ್ಟು ವರ್ಷ ಆಯ್ತು?’ ಅಂದರು. ಹದಿನಾಲ್ಕು. ‘ಯಜಮಾನ್ರೇ, ಎರಡೂ ಕಣ್ಣಿಗೆ ಲೇಸರ್ ಹಾಕ್ಬೇಕು’ ಅಂದರು.

ಮಾವನಿಗೆ ರೇಗಿತು. ‘ಈಗ ತಾನೇ ಓದಿ ತೋರಿಸಿದ್ನಲ್ಲ ಡಾಕ್ಟ್ರೇ? ಕಾಣ್ತಿರೋ ಕಣ್ಣಿಗೆ ಯಾಕ್ರೀ ಬೆಂಕಿ ಇಡ್ತೀರಿ?’

‘ಕಾಣ್ತಿದೆ ಅಂತಲೇ ಯಜಮಾನ್ರೇ. ಕಾಣದೇ ಹೋದ ಮೇಲೆ ಇಟ್ಟರೆ ಪ್ರಯೋಜನವಿಲ್ಲ.’

ಈ ಉತ್ತರ ಎಷ್ಟು ಸರಿಯೆಂದು ಗೊತ್ತಾಗಲು ನಮಗೆ ಒಂದು ವರ್ಷ ಬೇಕಾಯಿತು. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಮಾವನ ಪ್ರಶ್ನೆಯ ಬಗ್ಗೆ ಎರಡು ಮಾತು. ಅದು ಅವರೊಬ್ಬರ ಪ್ರಶ್ನೆಯಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಕೆಟ್ಟು ಲೇಸರ್ ಕೋಣೆಯ ಬಾಗಿಲಿಗೆ ಬಂದ ಬಹುತೇಕರ ಮನಸ್ಸಿನಲ್ಲಿ ಇರುವುದು ಇದೇ. ಯಾಕೆಂದರೆ ನಮ್ಮ ಸೀಮೆಗೆ ಕಣ್ಣಿನ ಚಿಕಿತ್ಸೆ ಅಂದರೆ ಪೊರೆ ಆಪರೇಷನ್. ಡಾ. ಎಂ.ಸಿ. ಮೋದಿ ಅವರ ಕಾಲದಿಂದ ನಾವು ನೋಡಿಕೊಂಡು ಬಂದದ್ದು ಅದನ್ನೇ. ಶಾಲೆಯ ಜಗುಲಿಯಲ್ಲಿ ಸಾಲಾಗಿ ಮಲಗಿದ ಅಜ್ಜ ಅಜ್ಜಿಯರು, ಹಸಿರು ಪಟ್ಟಿ, ಪಟ್ಟಿ ಬಿಚ್ಚಿದ ಕೂಡಲೇ ‘ಮೊಮ್ಮಗ ಕಾಣ್ತಾನೆ’ ಎನ್ನುವ ಉದ್ಗಾರ. ಕುರುಡಾಗಿ ಹೋಗಿ ಕಣ್ಣು ಪಡೆದು ಬರುವುದೇ ಆ ಚಿಕಿತ್ಸೆಯ ಸೊಗಸು. ಲೇಸರ್ ಇದಕ್ಕೆ ತದ್ವಿರುದ್ಧ. ಚೆನ್ನಾಗಿ ಕಾಣುತ್ತಿರುವಾಗ ಹೋಗಬೇಕು, ಬರುವಾಗ ಒಂದಿಷ್ಟು ಮಂಕಾಗಿ ಬರಬೇಕು, ಮೇಲಾಗಿ ‘ಸರಿಯಾಯಿತು’ ಅಂತ ಡಾಕ್ಟರು ಹೇಳಿದ್ದನ್ನು ನಂಬಬೇಕು. ಪೊರೆಯ ಲೆಕ್ಕವನ್ನು ಪರದೆಗೆ ಹಚ್ಚಿ, ಕಣ್ಣು ಪೂರ್ತಿ ಮಬ್ಬಾಗುವ ತನಕ ಕಾದು, ಕಡೆಗಾಲದಲ್ಲಿ ಲೇಸರ್ ಹಾಕಿಸಿಕೊಂಡು, ‘ಲೇಸರ್‌ನಿಂದಲೇ ಕಣ್ಣು ಹೋಯ್ತು’ ಎಂದು ಊರಿಗೆಲ್ಲ ಹೇಳುವವರು ಇದ್ದಾರೆ. ಆ ಮಾತು ಕೇಳಿದವರು ಇನ್ನೂ ತಡವಾಗಿ ಹೋಗುತ್ತಾರೆ.

ಕಣ್ಣಿನೊಳಗೆ ಆಗುವುದೇನು? ಹಿಂಬದಿಯ ಒಳಗೋಡೆಗೆ ಅಂಟಿಕೊಂಡ ತೆಳು ಪರದೆ ರೆಟಿನಾ. ಬೆಳಕು ಬೀಳುವುದು ಅದರ ಮೇಲೆ. ದೇಹದಲ್ಲಿ ತೂಕಕ್ಕೆ ತೂಕ ಹಿಡಿದರೆ ಇಷ್ಟು ಆಮ್ಲಜನಕ ಬಳಸುವ ಅಂಗಾಂಶಗಳು ಕಡಿಮೆ. ಹತ್ತಾರು ವರ್ಷ ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಅಲ್ಲಿನ ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಗೋಡೆ ಹಾಳಾಗುತ್ತದೆ. ಕೆಲವು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ಸೋರಿಕೆ ಪರದೆಯ ನಡುಮಧ್ಯದ ಮ್ಯಾಕುಲಾದಲ್ಲಾದರೆ ಅಲ್ಲಿ ನೀರು ತುಂಬಿ ಊದುತ್ತದೆ, ಅಕ್ಷರ ಮಸುಕಾಗುತ್ತದೆ. ಮುಚ್ಚಿಹೋಗುವುದು ಇದಕ್ಕಿಂತ ಕಪಟದ್ದು. ಅಲ್ಲಿ ನೋವಿಲ್ಲ, ಮಸುಕಿಲ್ಲ, ಏನೂ ಇಲ್ಲ.

ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರನ್ನು ಕೇಳಿದರೆ ಮುಂದಿನದನ್ನು ಅವರೇ ವಿವರಿಸಿಯಾರು. ಮೇಲಿನ ತೂಬುಗಳಲ್ಲಿ ನೀರು ನಿಂತಿತು ಅನ್ನಿ. ಕೆಳಗಿನ ಗದ್ದೆ ಒಣಗತೊಡಗುತ್ತದೆ. ರೈತ ಸುಮ್ಮನಿರುತ್ತಾನೆಯೇ? ರಾತ್ರೋರಾತ್ರಿ ಏರಿ ಕೊರೆದು ಕಳ್ಳ ತೂಬು ಇಡುತ್ತಾನೆ. ಒಣಗಿದ ರೆಟಿನಾ ಮಾಡುವುದೂ ಇದನ್ನೇ. ‘ರಕ್ತ ಬೇಕು, ಹೊಸ ನಾಳ ಬರಲಿ’ ಎಂದು ಒಂದು ರಾಸಾಯನಿಕದ ಮೂಲಕ ಕೂಗು ಹಾಕುತ್ತದೆ. ಹೀಗೆ ಯಾವುದೋ ಒಂದು ವಸ್ತು ಪರದೆಯಿಂದ ಹೊರಟು ಹರಡುತ್ತಿರಬೇಕೆಂದು ಐಸಾಕ್ ಮೈಕೆಲ್‌ಸನ್ ಎಂಬ ನೇತ್ರವಿಜ್ಞಾನಿ 1948ರಲ್ಲೇ ಊಹಿಸಿದ್ದ. ಅದನ್ನು 1989ರಲ್ಲಿ ಬೇರ್ಪಡಿಸಿ ಹೆಸರಿಟ್ಟವನು ಅಮೆರಿಕದ ಜೆನೆಂಟೆಕ್ ಕಂಪನಿಯಲ್ಲಿದ್ದ ನೆಪೋಲಿಯೋನೆ ಫೆರಾರಾ. ವಿಇಜಿಎಫ್ ಅಂತ ಅದರ ಹೆಸರು. ಕೂಗಿಗೆ ಓಗೊಟ್ಟು ಹೊಸ ನಾಳಗಳೇನೋ ಬರುತ್ತವೆ, ಆದರೆ ಬರಬಾರದ ಜಾಗಕ್ಕೆ. ಪರದೆಯ ಮೇಲ್ಮೈಯಲ್ಲಿ ಬಳ್ಳಿಯಂತೆ ಹಬ್ಬಿ, ಕಣ್ಣೊಳಗಿನ ಲೋಳೆಗೆ ಅಂಟಿಕೊಳ್ಳುತ್ತವೆ. ಕಳ್ಳ ತೂಬಿನ ಕೆಲಸ ಗಟ್ಟಿಯಿರುವುದಿಲ್ಲವಲ್ಲ, ಒಂದು ದಿನ ಒಡೆಯುತ್ತವೆ. ಕಣ್ಣು ರಕ್ತದಿಂದ ತುಂಬುತ್ತದೆ. ನಾಳಗಳ ಜೊತೆ ಬೆಳೆದ ಕಲೆಯ ಅಂಗಾಂಶ ಸುಕ್ಕುಗಟ್ಟುತ್ತಾ ಪರದೆಯನ್ನೇ ಗೋಡೆಯಿಂದ ಕಿತ್ತುಬಿಡುವುದೂ ಉಂಟು.

ಈಗ ಲೇಸರ್. ನಾನು ಬಹಳ ಕಾಲ ತಿಳಿದಿದ್ದು, ಆ ಕೆಟ್ಟ ನಾಳಗಳನ್ನು ಹುಡುಕಿ ಸುಡುತ್ತಾರೆ ಅಂತ. ಮೊದಮೊದಲು ವೈದ್ಯರೂ ಹಾಗೆಯೇ ಮಾಡಲು ಹೋದರು. ನಿಜವಾಗಿ ಮಾಡುವುದು ಬೇರೆ. ಕೆಟ್ಟ ನಾಳವನ್ನು ಮುಟ್ಟುವುದೇ ಇಲ್ಲ. ನಡುಮಧ್ಯದ ಮ್ಯಾಕುಲಾವನ್ನು ಬಿಟ್ಟು ಪರದೆಯ ಅಂಚಿನುದ್ದಕ್ಕೂ ಅರ್ಧ ಮಿಲಿಮೀಟರ್ ಅಗಲದ ಸಣ್ಣ ಸಣ್ಣ ಚುಕ್ಕಿಗಳಲ್ಲಿ ಸುಡುತ್ತಾರೆ. ಸಾಂಪ್ರದಾಯಿಕ ಲೆಕ್ಕದಲ್ಲಿ ಒಂದು ಕಣ್ಣಿಗೆ 1,200ರಿಂದ 1,600 ಚುಕ್ಕಿ. ಪರದೆಯ ವಿಸ್ತೀರ್ಣ ಸುಮಾರು 1,100 ಚದರ ಮಿಲಿಮೀಟರ್. ಗುಣಿಸಿ ನೋಡಿದೆ, ಹತ್ತಿರ ಹತ್ತಿರ ಕಾಲು ಭಾಗ ಸುಟ್ಟಂತಾಯಿತು!

ಸುಟ್ಟದ್ದು ಯಾರನ್ನು? ಪರದೆಯ ಪಾರದರ್ಶಕ ಪದರಗಳನ್ನು ಬೆಳಕು ಹಾಗೇ ದಾಟಿಹೋಗಿ, ಅಡಿಯ ಕಪ್ಪು ವರ್ಣದ್ರವ್ಯದಲ್ಲಿ ಹೀರಿಕೊಂಡು ಶಾಖವಾಗುತ್ತದೆ. ಆ ಶಾಖಕ್ಕೆ ಸಾಯುವುದು ಅದರ ಮೇಲೆಯೇ ಕೂತಿರುವ ದೃಷ್ಟಿಕೋಶಗಳು, ಅಂಚಿನಲ್ಲಾದರೆ ಹೆಚ್ಚಾಗಿ ಇರುಳುನೋಟದ ರಾಡ್ ಕೋಶಗಳು. ಪರದೆಯಲ್ಲಿ ಅತಿ ಹೆಚ್ಚು ಆಮ್ಲಜನಕ ಕುಡಿಯುವವು ಈ ದೃಷ್ಟಿಕೋಶಗಳೇ. ನಾಲೆಯ ಭಾಷೆಯಲ್ಲಿ ಹೇಳುವುದಾದರೆ ಕಬ್ಬಿನ ಗದ್ದೆಗಳು. ಅಂಚಿನ ಕಬ್ಬಿನ ಗದ್ದೆಗಳನ್ನು ಪಾಳು ಬಿಟ್ಟರೆ ಉಳಿದ ನೀರು ನಡುವಿನ ಭತ್ತಕ್ಕೆ ಸಾಕಾಗುತ್ತದೆ. ಪರದೆಯ ಹಿಂಬದಿಯ ರಕ್ತಭರಿತ ಪದರದಿಂದ ಬರುವ ಆಮ್ಲಜನಕ ಆ ಸುಟ್ಟ ಚುಕ್ಕಿಗಳ ಕಿಂಡಿಗಳಿಂದ ಒಳಪದರಕ್ಕೆ ಜಿನುಗುತ್ತದೆ. ಹಸಿವು ತಗ್ಗುತ್ತದೆ, ಕೂಗು ನಿಲ್ಲುತ್ತದೆ, ಮುಟ್ಟದೇ ಬಿಟ್ಟಿದ್ದ ಕೆಟ್ಟ ನಾಳಗಳು ಕೆಲವು ವಾರಗಳಲ್ಲಿ ತಾವಾಗಿ ಬಾಡುತ್ತವೆ. ವೈದ್ಯಶಾಸ್ತ್ರದಲ್ಲಿ ಇಷ್ಟು ಒರಟೂ ಇಷ್ಟು ಜಾಣತನದ್ದೂ ಆದ ಇನ್ನೊಂದು ಚಿಕಿತ್ಸೆ ನನಗಂತೂ ಗೊತ್ತಿಲ್ಲ.

ಬೆಳಕಿನಿಂದ ಪರದೆಯನ್ನು ಸುಡುವುದು ಹೊಳೆದದ್ದು ಹೇಗೆ ಎನ್ನುವುದರ ಬೇರು ಒಂದು ಗ್ರಹಣದಲ್ಲಿದೆ. ಗ್ರಹಣದ ದಿನ ಸೂರ್ಯನನ್ನು ನೇರ ನೋಡಬೇಡ, ಸಗಣಿ ನೀರಲ್ಲಿ ಬಿಂಬ ನೋಡು ಅಂತ ನಮ್ಮಜ್ಜಿ ಬೈಯುತ್ತಿದ್ದರು. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣ ಅಂಕೋಲಾದಿಂದ ರಾಯಚೂರಿನ ಕಡೆಗೆ ನಾಡನ್ನು ಸೀಳಿಕೊಂಡು ಹೋದಾಗ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಅಜ್ಜಿಯ ಮಿಕ್ಕ ಗ್ರಹಣಶಾಸ್ತ್ರ ಏನೇ ಇರಲಿ, ಈ ಒಂದು ಮಾತು ಸರಿ. 1945ರ ಜುಲೈನಲ್ಲಿ, ಯುದ್ಧದಲ್ಲಿ ಸೋತು ಪಾಳುಬಿದ್ದ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಿ ಪರದೆಯ ನಡುವೆ ಸುಟ್ಟುಕೊಂಡ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಗೆರ್ಡ್ ಮೇಯರ್ ಶ್ವಿಕರಾತ್ ಎಂಬ ತರುಣ ನೇತ್ರವೈದ್ಯನ ಕೈಗೆ ಸಿಕ್ಕ. ಸುಟ್ಟ ಜಾಗದಲ್ಲಿ ಗಟ್ಟಿಯಾದ ಕಲೆ ಕಂಡ ವೈದ್ಯನ ತಲೆಯಲ್ಲಿ ಬೇರೊಂದು ಯೋಚನೆ ಓಡಿತು: ಬೆಳಕು ಹೀಗೆ ಬೆಸುಗೆ ಹಾಕಬಲ್ಲದಾದರೆ ಹರಿದ ಪರದೆಯನ್ನು ಹೊಲಿಯಬಾರದೇಕೆ? ಆಸ್ಪತ್ರೆಯ ತಾರಸಿಯಲ್ಲಿ ಕನ್ನಡಿಗಳನ್ನಿಟ್ಟು ಸೂರ್ಯನ ಬೆಳಕನ್ನೇ ರೋಗಿಯ ಕಣ್ಣಿಗೆ ತಿರುಗಿಸಿದ. ಹ್ಯಾಂಬರ್ಗ್‌ನ ಮೋಡ ಕೇಳಬೇಕಲ್ಲ! ಕೊನೆಗೆ ಸೂರ್ಯನನ್ನು ನಂಬದೆ ಕಾರ್ಬನ್ ಆರ್ಕ್ ದೀಪಕ್ಕೆ, ಅಲ್ಲಿಂದ ಜೈಸ್ ಕಂಪನಿ ಮಾಡಿಕೊಟ್ಟ ಜೆನಾನ್ ದೀಪದ ಯಂತ್ರಕ್ಕೆ ಬಂದ.

1960ರ ಮೇ 16ರಂದು ಕ್ಯಾಲಿಫೋರ್ನಿಯಾದಲ್ಲಿ ಥಿಯೋಡೋರ್ ಮೈಮನ್ ಮೊದಲ ರೂಬಿ ಲೇಸರ್ ಉರಿಸಿದ. ‘ಸಮಸ್ಯೆ ಹುಡುಕುತ್ತಿರುವ ಪರಿಹಾರ’ ಅಂತ ಅದನ್ನು ಆಗ ಹಾಸ್ಯ ಮಾಡುತ್ತಿದ್ದರು. ಸಮಸ್ಯೆ ಸಿಗಲು ತಡವಾಗಲಿಲ್ಲ, ಮರುವರ್ಷವೇ ಅದು ಮನುಷ್ಯನ ಕಣ್ಣಿಗೆ ಬಂತು. ರೂಬಿಯ ಕೆಂಪು ಬೆಳಕನ್ನು ರಕ್ತ ಅಷ್ಟಾಗಿ ಹೀರುವುದಿಲ್ಲ. 1968ರಲ್ಲಿ ನ್ಯೂಯಾರ್ಕ್‌ನ ಫ್ರಾನ್ಸಿಸ್ ಲೆಸ್ಪೆರಾನ್ಸ್ ನೀಲಿ–ಹಸಿರು ಬೆಳಕಿನ ಆರ್ಗಾನ್ ಲೇಸರ್ ತಂದ. ಇಂದಿನ ಯಂತ್ರಗಳ ಹಸಿರು ಅದರ ವಾರಸುದಾರ.

ಆದರೆ ಅಂಚನ್ನು ಸುಡಬೇಕು ಎಂಬ ಉಪಾಯ ಬಂದದ್ದು ಯಂತ್ರದಿಂದಲ್ಲ, ರೋಗಿಗಳನ್ನು ನೋಡಿ ನೋಡಿ. ಬಾಸ್ಟನ್ ನಗರದ ಜಾಸ್ಲಿನ್ ಕ್ಲಿನಿಕ್ಕಿನ ವಿಲಿಯಂ ಬೀತಮ್ ಮತ್ತು ಲಾಯ್ಡ್ ಐಯೆಲ್ಲೊ ಒಂದು ವಿಚಿತ್ರ ಗಮನಿಸಿದ್ದರು. ಯಾವುದೋ ಹಳೆಯ ಸೋಂಕಿನಿಂದ ಪರದೆಯ ಮೇಲೆ ದೊಡ್ಡ ಕಲೆಗಳಾಗಿದ್ದ ಕಣ್ಣು ಸಕ್ಕರೆ ಕಾಯಿಲೆಗೆ ಅಷ್ಟಾಗಿ ಬಲಿಯಾಗುತ್ತಿರಲಿಲ್ಲ. ಕಲೆಯೇ ಕಾಯುತ್ತಿದ್ದರೆ ನಾವೇ ಕಲೆ ಮಾಡಿದರೆ ಹೇಗೆ ಅಂದುಕೊಂಡರು. ಅದಕ್ಕೂ ಮುಂಚೆ ಇದ್ದ ಚಿಕಿತ್ಸೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹೆರಿಗೆಯ ನಂತರ ಪಿಟ್ಯುಟರಿ ಗ್ರಂಥಿ ಸತ್ತುಹೋದ ಮಹಿಳೆಯೊಬ್ಬಳ ಕಣ್ಣಿನ ರೋಗ ಇಳಿದದ್ದನ್ನು 1953ರಲ್ಲಿ ಡೆನ್ಮಾರ್ಕ್‌ನ ಪೌಲ್ಸನ್ ವರದಿ ಮಾಡಿದ ಮೇಲೆ, ಕಣ್ಣು ಉಳಿಸಲು ಮಿದುಳಿನ ಬುಡದ ಆ ಗ್ರಂಥಿಯನ್ನೇ ಕಿತ್ತುಹಾಕುತ್ತಿದ್ದರು.

ಮಾವನ ವಿಷಯಕ್ಕೆ ಬರುತ್ತೇನೆ. ಬಲಗಣ್ಣಿಗೆ ಮೂರು ಸಲ, ಎರಡೆರಡು ವಾರಕ್ಕೊಮ್ಮೆ ಲೇಸರ್ ಆಯಿತು. ಮರಗಟ್ಟಿಸುವ ಹನಿ, ಅಂಟು ಲೋಳೆ ಹಚ್ಚಿದ ಮಸೂರ ಕಣ್ಣಿಗೊತ್ತಿ, ಗಲ್ಲ ಸ್ಟ್ಯಾಂಡಿನ ಮೇಲಿಟ್ಟು ಕೂರಬೇಕು. ‘ಎದುರಿಂದ ಬರೋ ಲಾರಿಯವನು ಹತ್ತು ನಿಮಿಷ ಬಿಡದೆ ಡಿಮ್ ಡಿಪ್ ಮಾಡಿದಂಗೆ ಕಣಯ್ಯ, ಅದೂ ಹಸಿರು ಲೈಟಲ್ಲಿ’ ಅಂದರು. ಬಹುಪಾಲು ಹೊಡೆತ ಗೊತ್ತೇ ಆಗಲಿಲ್ಲವಂತೆ. ಕೆಲವು ಮಾತ್ರ ಕಣ್ಣಿನ ಹಿಂದೆ ಸೂಜಿ ಚುಚ್ಚಿದ ಹಾಗೆ. ಅದಕ್ಕೂ ಕಾರಣವಿದೆ. ಕಣ್ಣನ್ನು ಗಡಿಯಾರ ಎಂದುಕೊಂಡರೆ ಮೂರು ಮತ್ತು ಒಂಬತ್ತರ ನೇರಕ್ಕೆ ಉದ್ದನೆಯ ನರಗಳು ಹಾದುಹೋಗುತ್ತವೆ, ಅಲ್ಲಿ ಬಿದ್ದ ಚುಕ್ಕಿ ನೋಯುತ್ತದೆ. ಈಚಿನ ಯಂತ್ರಗಳು ಒಂದೇ ಒತ್ತಿಗೆ ಸಾಲುಗಟ್ಟಿ ಚುಕ್ಕಿ ಇಡುತ್ತವೆ, ಒಂದೊಂದು ಚುಕ್ಕಿಯ ಅವಧಿ ಹಳೆಯದರ ಐದನೇ ಒಂದು ಭಾಗ, ನೋವೂ ಕಡಿಮೆ.

ನೋವಿಗಿಂತ ಮಾವನನ್ನು ಕಾಡಿದ್ದು ಆಮೇಲಿನದು. ಬಲಗಣ್ಣು ಕೆಲವು ವಾರ ಮಂಕಾಯಿತು. ಸಂಜೆಗತ್ತಲಲ್ಲಿ ಮೆಟ್ಟಿಲು ಗುರುತು ಸಿಗದೆ ತಡವರಿಸಿದರು. ಬಿಸಿಲಿಂದ ಒಳಗೆ ಬಂದರೆ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಬಹಳ ಹೊತ್ತು ಬೇಕಾಗುತ್ತಿತ್ತು. ಇರುಳುನೋಟದ ಕೋಶಗಳನ್ನೇ ಸುಟ್ಟ ಮೇಲೆ ಇದು ಆಗುವುದೇ. ಬದಿಯ ನೋಟವೂ ಒಂದಿಷ್ಟು ಕುಗ್ಗುತ್ತದೆ. ಘಾಟಿಯಲ್ಲಿ ರಾತ್ರಿ ಬಸ್ಸು ಓಡಿಸಿದವರಿಗೆ ಇದು ಸಣ್ಣ ನಷ್ಟವಲ್ಲ. ಇದನ್ನು ಯಾರಾದರೂ ಮೊದಲೇ ಕೂರಿಸಿ ಕನ್ನಡದಲ್ಲಿ ಹೇಳಬೇಕಿತ್ತು. ಅವರಿಂದ ಸಹಿ ಹಾಕಿಸಿಕೊಂಡ ಹಾಳೆ ಇಂಗ್ಲಿಷಿನಲ್ಲಿತ್ತು. ನಾನು ಓದಬಹುದಿತ್ತು, ಓದಲಿಲ್ಲ.

‘ಚೆನ್ನಾಗಿದ್ದ ಬಲಗಣ್ಣನ್ನ ಹಾಳು ಮಾಡಿದ್ರು, ಎಡಗಣ್ಣಿಗೆ ಕೈ ಹಚ್ಚೋಕೆ ಬಿಡಲ್ಲ.’ ಮಾವ ತೀರ್ಮಾನ ಮಾಡಿಬಿಟ್ಟರು. ಸಂಕ್ರಾಂತಿ ಕಳೆಯಲಿ ಅಂದರು, ಅಡಿಕೆ ಮಾರಾಟ ಮುಗಿಯಲಿ ಅಂದರು, ಮಗಳ ಮದುವೆ ಅಂದರು. ಎಂಟು ತಿಂಗಳು ಹೀಗೇ ಹೋಯಿತು. ಒಂದು ಬೆಳಿಗ್ಗೆ ಗಡ್ಡ ಕೆರೆಯುತ್ತಿದ್ದಾಗ ಎಡಗಣ್ಣಿನಲ್ಲಿ ಕಪ್ಪು ದಾರವೊಂದು ಇಳಿದು ತೇಲಿತು. ಕನ್ನಡಿ ಒರೆಸಿದರು, ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜೇಡರ ಬಲೆ, ಸಂಜೆಗೆ ಕಂದುಗೆಂಪು ಪರದೆ, ಕೈಬೆರಳು ಎಣಿಸಲೂ ಆಗಲಿಲ್ಲ. ಕಳ್ಳ ತೂಬು ಒಡೆದಿತ್ತು. ರಕ್ತ ತುಂಬಿದ ಕಣ್ಣಿಗೆ ಲೇಸರ್ ಹಾಕಲಾಗದು, ಬೆಳಕು ಪರದೆಯವರೆಗೆ ತಲುಪಬೇಕಲ್ಲ! ತಾನಾಗಿ ಇಂಗಲಿ ಎಂದು ಕಾದು, ಇಂಗದೆ, ಕೊನೆಗೆ ಕಣ್ಣೊಳಗಿನ ಲೋಳೆಯನ್ನೇ ತೆಗೆಯುವ ವಿಟ್ರೆಕ್ಟಮಿ ಎಂಬ ಆಪರೇಷನ್ ಆಯಿತು. ಬೇಡವೆಂದಿದ್ದ ಲೇಸರನ್ನು ಆ ಆಪರೇಷನ್ನಿನಲ್ಲೇ, ಕಣ್ಣಿನ ಒಳಗಿಂದಲೇ ಹಾಕಿದರು. ಆ ಕಣ್ಣಿಗೆ ಈಗ ಎದುರಿಗಿರುವವರ ಆಕಾರ ತಿಳಿಯುತ್ತದೆ, ಮುಖ ತಿಳಿಯದು. ‘ಹಾಳಾದ’ ಬಲಗಣ್ಣು ಮಂಕೆಲ್ಲ ಹೋಗಿ ಪೇಪರ್ ಓದುತ್ತದೆ.

ಒಬ್ಬನೇ ಮನುಷ್ಯ, ಒಂದೇ ಸಕ್ಕರೆ, ಒಂದೇ ರಕ್ತದೊತ್ತಡ, ಒಂದು ಕಣ್ಣಿಗೆ ಲೇಸರ್, ಇನ್ನೊಂದಕ್ಕೆ ಇಲ್ಲ. ಮಾವನಲ್ಲಿ ಅಚಾತುರ್ಯದಿಂದ ಆದ ಈ ಪರೀಕ್ಷೆಯನ್ನು ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ 1970ರ ದಶಕದ ಆರಂಭದಲ್ಲಿ ಬೇಕೆಂದೇ ಮಾಡಿಸಿತ್ತು. ಕಾಣುವ ಕಣ್ಣನ್ನು ಸುಡುವುದು ಸರಿಯೇ ಎಂದು ಆಗ ವೈದ್ಯರಲ್ಲೇ ಜಗಳವಿತ್ತು. 15 ಕೇಂದ್ರಗಳಲ್ಲಿ 1,700ಕ್ಕೂ ಹೆಚ್ಚು ರೋಗಿಗಳು, ಪ್ರತಿಯೊಬ್ಬರ ಒಂದು ಕಣ್ಣಿಗೆ ಮಾತ್ರ ಲೇಸರ್ ಅಥವಾ ಜೆನಾನ್ ಬೆಳಕು. ಯಾವ ಕಣ್ಣು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಎರಡು ವರ್ಷದಲ್ಲಿ ಚಿಕಿತ್ಸೆಯಿಲ್ಲದ ಕಣ್ಣುಗಳಲ್ಲಿ ನೂರಕ್ಕೆ ಸುಮಾರು 16 ತೀವ್ರವಾಗಿ ದೃಷ್ಟಿ ಕಳೆದುಕೊಂಡವು, ಚಿಕಿತ್ಸೆಯಾದವುಗಳಲ್ಲಿ ಸುಮಾರು 6. ಅಂತರ ಇಷ್ಟು ಸ್ಪಷ್ಟವಾದ ಮೇಲೆ ಸುಮ್ಮನೆ ನೋಡುತ್ತಾ ಕೂರುವುದು ತಪ್ಪೆಂದು 1976ರಲ್ಲಿ ಫಲಿತಾಂಶ ಪ್ರಕಟಿಸಿ, ಬಿಟ್ಟಿದ್ದ ಕಣ್ಣುಗಳಲ್ಲಿ ಅಪಾಯದ ಅಂಚಿನಲ್ಲಿದ್ದವಕ್ಕೂ ಚಿಕಿತ್ಸೆ ಕೊಡತೊಡಗಿದರು. ಅದರ ಹಿಂದೆಯೇ 3,711 ರೋಗಿಗಳ ಇನ್ನೊಂದು ಅಧ್ಯಯನ ಬಂತು. ಮ್ಯಾಕುಲಾ ಊದಿಕೊಂಡಾಗ ಸೋರುವ ಜಾಗಕ್ಕೆ ಹಗುರವಾಗಿ ಲೇಸರ್ ಹಾಕಿದರೆ ದೃಷ್ಟಿ ಇಳಿಯುವ ಸಂಭವ ಅರ್ಧಕ್ಕರ್ಧ ತಗ್ಗುತ್ತದೆ ಎಂದು 1985ರಲ್ಲಿ ಅದು ತೋರಿಸಿತು. ಕಾಯಿಲೆಯ ಮೊದಲ ಹಂತಗಳಲ್ಲಿ ಅಂಚನ್ನು ಸುಡುವ ಅಗತ್ಯವಿಲ್ಲ ಎಂದೂ ಹೇಳಿತು. ಹಾಗಾಗಿ ಶುಗರ್ ಇದ್ದವರಿಗೆಲ್ಲ ಲೇಸರ್ ಬೇಕಾಗುತ್ತದೆ ಎಂಬ ಹೆದರಿಕೆ ಬೇಡ.

‘ಈಗ ಇಂಜೆಕ್ಷನ್ ಬಂದಿದೆಯಲ್ಲ, ಲೇಸರ್ ಹಳೇ ಕಾಲದ್ದು’ ಎನ್ನುವವರಿದ್ದಾರೆ. ಅರ್ಧ ನಿಜ. ರೆಟಿನಾದ ಕೂಗಾದ ವಿಇಜಿಎಫ್ ಅನ್ನೇ ಅಡಗಿಸುವ ಔಷಧಗಳು ಬಂದಿವೆ. 2004ರಲ್ಲಿ ಕರುಳಿನ ಕ್ಯಾನ್ಸರಿಗೆಂದು ಒಪ್ಪಿಗೆ ಪಡೆದ ಅವಾಸ್ಟಿನ್ ಅನ್ನು ಮರುವರ್ಷ ಮಯಾಮಿಯ ವೈದ್ಯರು ಕಣ್ಣಿಗೆ ಚುಚ್ಚಿ ನೋಡಿದಂದಿನಿಂದ ಈ ದಾರಿ ತೆರೆಯಿತು. ಮ್ಯಾಕುಲಾದ ನಡು ಊದಿ ದೃಷ್ಟಿ ಮಸುಕಾದವರಿಗೆ ಇಂದು ಮೊದಲ ಆಯ್ಕೆ ಇಂಜೆಕ್ಷನ್ನೇ, ಲೇಸರ್ ಅಲ್ಲ. ಕಳೆದುಹೋದ ಸಾಲುಗಳನ್ನು ಅದು ಎಷ್ಟೋ ಸಲ ಮರಳಿಸುತ್ತದೆ, ಲೇಸರಿಗೆ ಆ ಶಕ್ತಿಯಿಲ್ಲ. ಹೊಸ ನಾಳ ಹುಟ್ಟಿದವರಲ್ಲೂ ಇಂಜೆಕ್ಷನ್ ಲೇಸರಿಗೆ ಕಡಿಮೆಯಿಲ್ಲ ಎಂದು 2015ರ ಅಮೆರಿಕದ ಅಧ್ಯಯನ ಹೇಳಿತು. ಆದರೆ ಆ ಅಧ್ಯಯನದ ರೋಗಿಗಳು ಕರೆದಾಗ ಬಂದವರು. ಔಷಧದ ಪರಿಣಾಮ ಇರುವುದು ಕೆಲವು ವಾರ. ಮತ್ತೆ ಮತ್ತೆ ಹೋಗಬೇಕು. ನಡುವೆ ತಪ್ಪಿಸಿಕೊಂಡರೆ ಅದುಮಿಟ್ಟ ಕೂಗು ಮತ್ತೆ ಏಳುತ್ತದೆ. ಹೀಗೆ ತಪ್ಪಿಸಿಕೊಂಡು ತಡವಾಗಿ ಮರಳಿದವರನ್ನು ಅಮೆರಿಕದಲ್ಲೇ ಹೋಲಿಸಿ ನೋಡಿದ್ದಾರೆ: ಬರೀ ಇಂಜೆಕ್ಷನ್ ಮೇಲಿದ್ದ ಕಣ್ಣುಗಳು ಲೇಸರ್ ಆದ ಕಣ್ಣುಗಳಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದವು.

ನಮ್ಮ ಕಡೆ ತಪ್ಪಿಸಿಕೊಳ್ಳದವರು ಯಾರು? ಕಳೆ ಕೀಳುವ ಸಮಯ, ಜಾತ್ರೆ, ಕರೆದುಕೊಂಡು ಹೋಗುವ ಮಗನಿಗೆ ರಜೆಯಿಲ್ಲ, ಕೈಯಲ್ಲಿ ಕಾಸಿಲ್ಲ. ಒಮ್ಮೆ ಪೂರ್ತಿ ಹಾಕಿಸಿದ ಲೇಸರ್ ರೋಗಿ ಮರೆತರೂ ಕಣ್ಣೊಳಗೇ ಕೂತು ಕೆಲಸ ಮಾಡುತ್ತಿರುತ್ತದೆ. ದೂರದ ಹಳ್ಳಿಯವರಿಗೆ, ಮುಂದಿನ ಬಸ್ಸು ಸಿಗುತ್ತದೋ ಇಲ್ಲವೋ ಎನ್ನುವವರಿಗೆ, ಅಂಚಿನ ನೋಟ ಕೊಟ್ಟು ನಡುವಿನದನ್ನು ಉಳಿಸಿಕೊಳ್ಳುವ ಈ ಹಳೆಯ ವ್ಯಾಪಾರವೇ ಲೇಸು ಎಂಬುದು ನನ್ನ ಅಭಿಪ್ರಾಯ. ಎರಡನ್ನೂ ಸೇರಿಸಿ ಕೊಡುವ ವೈದ್ಯರೂ ಇದ್ದಾರೆ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. 2015ರಿಂದ 2019ರವರೆಗಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐವತ್ತು ದಾಟಿದ ಸಕ್ಕರೆ ರೋಗಿಗಳ ಪೈಕಿ ನೂರಕ್ಕೆ ಸುಮಾರು 17 ಮಂದಿಯ ಪರದೆಯಲ್ಲಿ ರೋಗದ ಗುರುತು ಕಂಡಿತು. ಇವರೆಲ್ಲರ ಕಣ್ಣೊಳಗೆ ಇಣುಕುವಷ್ಟು ರೆಟಿನಾ ತಜ್ಞರು ನಮ್ಮಲ್ಲಿಲ್ಲ. ಕ್ಯಾಮೆರಾ ಮಾತ್ರ ಸಾಕಷ್ಟು ಅಗ್ಗವಾಗಿದೆ, ಬೆಂಗಳೂರಿನ ಕಂಪನಿಗಳೇ ತಯಾರಿಸುತ್ತವೆ. ರೆಮಿಡಿಯೊದ್ದು ಮೊಬೈಲಿಗೆ ಜೋಡಿಸಿದ್ದು, ಫೋರಸ್‌ನದಕ್ಕೆ ‘3ನೇತ್ರ’ ಎಂಬ ಹೆಸರು. ಶಿವ ಮೂರನೇ ಕಣ್ಣು ತೆರೆದರೆ ಬೆಂಕಿ, ಇದು ಬೆಂಕಿ ಬೇಕೋ ಬೇಡವೋ ಎಂದು ಹೇಳುವ ಕಣ್ಣು. ತಾಲ್ಲೂಕಿನಲ್ಲಿ ತೆಗೆದ ಚಿತ್ರವನ್ನು ಊರಾಚೆಯ ತಜ್ಞರು, ಈಗೀಗ ಕಂಪ್ಯೂಟರು, ಓದಿ ಹೇಳಬಹುದು. ಬಾಕಿ ಉಳಿದಿರುವುದು ನಾವು ಹೋಗಿ ಗಲ್ಲ ಇಟ್ಟು ಕೂರುವುದು.

ಮಾವ ಈಗ ಆರು ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತಾರೆ. ಕಾರಿಡಾರಿನಲ್ಲಿ ‘ಚೆನ್ನಾಗಿ ಕಾಣ್ತದೆ, ನನಗ್ಯಾಕೆ ಲೇಸರ್’ ಅಂತ ಯಾರಾದರೂ ಗೊಣಗಿದರೆ ಪಕ್ಕದಲ್ಲಿ ಹೋಗಿ ಕೂರುತ್ತಾರೆ. ತಮ್ಮ ಬಲಗಣ್ಣು ಮುಚ್ಚಿಕೊಂಡು, ‘ನೀವು ಹೆಂಗಿದೀರಿ ಅಂತ ನಂಗೆ ಗೊತ್ತಾಗ್ತಿಲ್ಲ ಸ್ವಾಮಿ’ ಎನ್ನುತ್ತಾರೆ. ಹೆಚ್ಚಿನವರು ಒಳಗೆ ಹೋಗುತ್ತಾರಂತೆ.

ನಿಮ್ಮ ಮನೆಯಲ್ಲಿ ಶುಗರ್ ಮಾತ್ರೆ ನುಂಗುವವರಿದ್ದರೆ ಇವತ್ತೇ ಒಂದು ಮಾತು ಕೇಳಿ: ಪಾಪೆ ಅಗಲ ಮಾಡಿ ಒಳಗಿನ ಪರದೆಯನ್ನು ಡಾಕ್ಟರು ನೋಡಿದ್ದು ಯಾವಾಗ? ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದ್ದು ಲೆಕ್ಕಕ್ಕಿಲ್ಲ. ವರ್ಷ ದಾಟಿದ್ದರೆ ಈ ವಾರವೇ ಕರೆದುಕೊಂಡು ಹೋಗಿ. ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಬಿಸಿಲು ಚುಚ್ಚುತ್ತದೆ, ಗಾಡಿ ಓಡಿಸಲಾಗದು. ಒಂದು ಕಪ್ಪು ಕನ್ನಡಕ ಜೊತೆಗಿರಲಿ, ನೀವೂ ಜೊತೆಗಿರಿ.